ಬಳ್ಳಿ ಕಂಡಿತು, ಹಂದರ ಕಾಣಲಿಲ್ಲ

ಭಾನುವಾರ ಬೆಳಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಎಂಟು ಹತ್ತು ಮಕ್ಕಳು ಕೂಡುತ್ತಾರೆ. ಎಲ್ಲರೂ ಪುಣೆಯಲ್ಲೇ ಹುಟ್ಟಿದವರು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಮನೆಯೊಳಗೆ ವಿಜಯಪುರದ್ದೋ ಧಾರವಾಡದ್ದೋ ಉಡುಪಿಯದ್ದೋ ಕನ್ನಡ. ಅಕ್ಷರ ಮರೆಯದಿರಲಿ ಎಂದು ಅಪ್ಪ ಅಮ್ಮಂದಿರು ಕಳಿಸುತ್ತಾರೆ. ನಿವೃತ್ತಿಯಾದ ಮೇಲೆ ನನಗೂ ಹೊತ್ತು ಹೋಗಬೇಕಲ್ಲ.

ಹೋದ ಮಳೆಗಾಲದಲ್ಲಿ ಪಾನಶೇತ್ ಪ್ರವಾಹದ ಬಗ್ಗೆ ಒಂದು ಪುಟ ಬರೆದು ಮಕ್ಕಳ ಕೈಗೆ ಕೊಟ್ಟೆ. ನಾಲ್ಕನೆಯ ತರಗತಿಯ ಹುಡುಗಿ ಎದ್ದು ನಿಂತು ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಓದಿ ಮುಗಿದ ಮೇಲೆ, 'ಅಣೆಕಟ್ಟೆ ಯಾಕೆ ಒಡೆಯಿತು?' ಎಂದು ಕೇಳಿದೆ. ಅವಳು ಪುಟದ ಮೇಲೆ ಬೆರಳಾಡಿಸಿದಳು. ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ಆಮೇಲೆ ತಲೆಯೆತ್ತಿ, 'ಅಜ್ಜಿ, ಇದರಾಗ ಯಾಕಂದ್ರ ಅಂತ ಎಲ್ಲೂ ಬರದೇ ಇಲ್ಲ' ಎಂದಳು.

ನಾನು ಬರೆದಿದ್ದ ವಾಕ್ಯ ಇಷ್ಟು: 'ಕೆಲಸ ಪೂರ್ತಿಯಾಗುವ ಮೊದಲೇ ಮಳೆಗಾಲದ ನೀರು ತುಂಬಿಸಿಕೊಂಡದ್ದರಿಂದ ಅಣೆಕಟ್ಟೆ ಒಡೆಯಿತು.' ಕಾರಣ ಅಲ್ಲೇ ಇತ್ತು, ಅವಳ ಬೆರಳಿನ ಕೆಳಗೇ ಇತ್ತು. ಆದರೆ ಅವಳ ಶಾಲೆಯ ಇಂಗ್ಲಿಷ್ ಮೇಷ್ಟ್ರು, ಕಾರಣ ಬೇಕಾದರೆ 'ಬಿಕಾಸ್' ಹುಡುಕು ಎಂದು ಹೇಳಿಕೊಟ್ಟಿದ್ದರು. ಅವಳು ಅದರ ಕನ್ನಡದ ಜೋಡಿಯನ್ನು ಹುಡುಕಿದಳು, ಸಿಗಲಿಲ್ಲ, ಕೈಚೆಲ್ಲಿದಳು. ನನ್ನ ಈ ವಾರದ ಮಾತೆಲ್ಲ ಆ ಬೆರಳಿನ ಬಗ್ಗೆ.

ಕಥೆಗೆ ಕಥಾಹಂದರ ಇರುತ್ತದೆ ಎನ್ನುತ್ತೇವೆ. ಹೀರೆಬಳ್ಳಿ, ಅವರೆಬಳ್ಳಿಗೆ ಕೋಲು ನೆಟ್ಟು ಹಾಕುತ್ತೇವಲ್ಲ, ಅದೇ ಹಂದರ. ಬಳ್ಳಿ ಹಬ್ಬಿದ ಮೇಲೆ ಎಲೆ, ಹೂವು, ಕಾಯಿ ಕಾಣುತ್ತವೆ, ಕೋಲು ಕಾಣುವುದಿಲ್ಲ. ಕಥೆಯ ಹಂದರವನ್ನು ಮಕ್ಕಳಿಗೆ ಯಾರೂ ಪಾಠ ಮಾಡಬೇಕಿಲ್ಲ. ಒಬ್ಬ ರಾಜ ಇದ್ದ ಎಂದಕೂಡಲೇ ಅವನಿಗೊಂದು ಕಷ್ಟ ಬರುತ್ತದೆ, ಕೊನೆಗೆ ಅದು ಕಳೆಯುತ್ತದೆ ಎಂಬುದು ಅವರಿಗೆ ಅಜ್ಜಿಯ ಮಡಿಲಲ್ಲೇ ತಿಳಿದಿರುತ್ತದೆ. ಮಾಹಿತಿಯ ಬರಹಕ್ಕೂ ಹಂದರ ಉಂಟು. ಅದನ್ನು ಮಾತ್ರ ಯಾರೂ ತೋರಿಸಿರುವುದಿಲ್ಲ. ಕಥೆಯನ್ನು ಗಟಗಟ ಓದುವ ಮಗು ಪರಿಸರ ಅಧ್ಯಯನದ ಪುಸ್ತಕ ತೆರೆದಾಗ ತಡವರಿಸುವುದು ಇಲ್ಲೇ. ಓದುವುದನ್ನು ಕಲಿಯುವ ಕಾಲ ಮುಗಿದು, ಓದಿ ಕಲಿಯುವ ಕಾಲ ಶುರುವಾಗುವುದು ಸುಮಾರು ನಾಲ್ಕನೆಯ ತರಗತಿಯ ಹೊತ್ತಿಗೆ ಎಂದು ಅಮೆರಿಕದ ಓದು ತಜ್ಞೆ ಜೀನ್ ಚಾಲ್ 1983ರಲ್ಲಿ ಬರೆದರು. ಆ ಹೊಸ್ತಿಲಲ್ಲಿ ಎಡವುವ ಮಕ್ಕಳನ್ನು ಎಲ್ಲ ದೇಶದ ಶಿಕ್ಷಕರೂ ಬಲ್ಲರು.

ಹಂದರಗಳು ಎಷ್ಟು? ಬಾನಿ ಮೇಯರ್ ಎಂಬ ವಿದುಷಿ 1970ರ ದಶಕದಿಂದ ಇದರ ಮೇಲೇ ಕೆಲಸ ಮಾಡಿದವರು. ಅವರ ಲೆಕ್ಕ ಈಗ ಬಹುಮಟ್ಟಿಗೆ ಐದಕ್ಕೆ ಬಂದು ನಿಂತಿದೆ: ವರ್ಣನೆ, ಅನುಕ್ರಮ, ಕಾರಣ ಮತ್ತು ಪರಿಣಾಮ, ಹೋಲಿಕೆ, ಸಮಸ್ಯೆ ಮತ್ತು ಪರಿಹಾರ. 1980ರಲ್ಲಿ ಅವರು ಮತ್ತು ಸಂಗಡಿಗರು ಒಂಬತ್ತನೆಯ ತರಗತಿಯ ಮಕ್ಕಳಿಗೆ ಗದ್ಯ ಓದಿಸಿ, ನೆನಪಿನಿಂದ ಬರೆಯಲು ಹೇಳಿದರು. ಬರೆದವರು ಕಟ್ಟಿದ ಹಂದರವನ್ನೇ ತಾವೂ ಹಿಡಿದು ಬರೆದ ಮಕ್ಕಳಿಗೆ ಹೆಚ್ಚು ವಿಷಯ ನೆನಪಿತ್ತು. ಉಳಿದವರು ಕಂಡಕಂಡ ಎಲೆಯನ್ನು ಕಿತ್ತು ತಂದಿದ್ದರು, ಅಷ್ಟೇ.

ಐದು ಹೆಸರು ಕೇಳಿ ಹೆದರಬೇಕಾಗಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಇವು ಎಷ್ಟೋ ಕಾಲದಿಂದ ಕೂತಿವೆ. 'ವರ್ಣಿಸಿರಿ', 'ಕ್ರಮವಾಗಿ ಬರೆಯಿರಿ', 'ಕಾರಣ ಕೊಡಿ', 'ವ್ಯತ್ಯಾಸ ತಿಳಿಸಿ', 'ಉಪಾಯ ಸೂಚಿಸಿ'. ಪರೀಕ್ಷೆಯಲ್ಲಿ ಐದನ್ನೂ ಕೇಳುತ್ತೇವೆ, ಪಾಠದಲ್ಲಿ ಅವು ಎಲ್ಲಿವೆ ಎಂದು ತೋರಿಸುವುದಿಲ್ಲ. ತೋಟಕ್ಕೆ ಕರೆದೊಯ್ಯದೆ ಕಾಯಿ ಎಷ್ಟು ಎಂದು ಕೇಳಿದ ಹಾಗೆ.

ಪಾನಶೇತಿನ ಪುಟಕ್ಕೇ ಮರಳುತ್ತೇನೆ. ಪುಣೆಯ ಹಳಬರಿಗೆ 1961ರ ಜುಲೈ 12 ಎಂದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮುಂದಿನ ಭಾನುವಾರ ಆ ಒಂದೇ ಘಟನೆಯನ್ನು ಐದು ಬಗೆಯಲ್ಲಿ ಬರೆದು ತಂದೆ. ಮೊದಲನೆಯ ಚೀಟಿಯಲ್ಲಿ, ಪಾನಶೇತ್ ಅಣೆಕಟ್ಟೆ ಅಂಬಿ ನದಿಗೆ ಕಟ್ಟಿದ್ದು, ಮಣ್ಣಿನದು, ಆಮೇಲೆ ಮತ್ತೆ ಕಟ್ಟಿದ ಮೇಲೆ ಅದಕ್ಕೆ ತಾನಾಜಿಸಾಗರ ಎಂಬ ಹೆಸರೂ ಇದೆ ಎಂದಿತ್ತು. ಎರಡನೆಯದರಲ್ಲಿ, ಮೊದಲು ಪಾನಶೇತ್ ಒಡೆಯಿತು, ಆ ನೀರು ನುಗ್ಗಿ ಕೆಳಗಿನ ಖಡಕ್‌ವಾಸಲಾ ಅಣೆಕಟ್ಟೆಯೂ ಒಡೆಯಿತು, ಬಳಿಕ ಮುಠಾ ನದಿ ಉಕ್ಕಿ ಪೇಠೆಗಳಿಗೆ ನುಗ್ಗಿತು, ಸೇತುವೆಗಳು ಮುಳುಗಿದವು ಎಂದಿತ್ತು. ಮೂರನೆಯದು ಯಾಕೆ ಒಡೆಯಿತು ಎಂಬುದಕ್ಕೆ. ನಾಲ್ಕನೆಯದು ಎರಡು ಅಣೆಕಟ್ಟೆಗಳನ್ನು ಎದುರುಬದುರು ನಿಲ್ಲಿಸಿತ್ತು: ಒಂದು ಹತ್ತೊಂಬತ್ತನೆಯ ಶತಮಾನದ ಕಲ್ಲಿನ ಕಟ್ಟಡ, ಇನ್ನೊಂದು ಇನ್ನೂ ಮುಗಿಯದ ಮಣ್ಣಿನದು. ಐದನೆಯದರಲ್ಲಿ ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು, ಅವರಿಗಾಗಿ ಗೋಖಲೆನಗರದಂಥ ಹೊಸ ಬಡಾವಣೆಗಳು ಎದ್ದವು ಎಂದಿತ್ತು.

ಮಕ್ಕಳಿಗೆ ಹಂದರದ ಹೆಸರು ಹೇಳಲಿಲ್ಲ. 'ಈ ಚೀಟಿ ಯಾವ ಪ್ರಶ್ನೆಗೆ ಉತ್ತರ?' ಎಂದಷ್ಟೇ ಕೇಳಿದೆ. ಹೇಗಿದೆ, ಆಮೇಲೇನಾಯಿತು, ಯಾಕಾಯಿತು, ಯಾವುದು ಹೇಗೆ ಬೇರೆ, ಏನು ಮಾಡಿದರು. ಐದು ಪ್ರಶ್ನೆಗಳನ್ನು ಗೋಡೆಗೆ ಅಂಟಿಸಿ, ಚೀಟಿಗಳನ್ನು ಅವುಗಳ ಕೆಳಗೆ ಸಿಕ್ಕಿಸಲು ಬಿಟ್ಟೆ. ಮೂರು ಚೀಟಿ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಸೇರಿದವು. ಉಳಿದೆರಡಕ್ಕೆ ಜಗಳ. ಪ್ರವಾಹ ಬಂದದ್ದು ಸಮಸ್ಯೆಯೋ, ಅಣೆಕಟ್ಟೆ ಒಡೆದದ್ದರ ಪರಿಣಾಮವೋ? ಎರಡೂ ಹೌದು. ಬರೆದವನು ಅಲ್ಲಿಂದ ಮುಂದೆ ಯಾವ ಕಡೆ ಹೊರಳುತ್ತಾನೆ ನೋಡಿ ಎಂದೆ. ಹಿಂದಕ್ಕೆ ಹೊರಳಿದರೆ ಕಾರಣ, ಮುಂದಕ್ಕೆ ಹೊರಳಿ ಮನೆ ಕಟ್ಟಿದರೆ ಪರಿಹಾರ. ಆ ಜಗಳ ನನಗೆ ಇಷ್ಟವಾಯಿತು. ಜಗಳಾಡಿದ ಮಗು ಪುಟವನ್ನು ಮೂರು ಸಲ ಓದಿರುತ್ತದೆ.

ಇನ್ನು ಬೆರಳಿನ ವಿಷಯ. ಇಂಗ್ಲಿಷಿನಲ್ಲಿ ಹಂದರ ಗುರುತಿಸಲು ಸುಳಿವಿನ ಪದಗಳ ಪಟ್ಟಿ ಕೊಡುವ ರೂಢಿ ಇದೆ. ಫರ್ಸ್ಟ್, ನೆಕ್ಸ್ಟ್ ಕಂಡರೆ ಅನುಕ್ರಮ, ಬಿಕಾಸ್ ಕಂಡರೆ ಕಾರಣ, ಬಟ್ ಕಂಡರೆ ಹೋಲಿಕೆ. ಆ ಭಾಷೆಯಲ್ಲಿ ಇವು ಬಿಡಿ ಪದಗಳು, ವಾಕ್ಯದ ನಡುವೆ ಎದ್ದು ಕಾಣುತ್ತವೆ. ಕನ್ನಡದಲ್ಲೂ ಏಕೆಂದರೆ, ಆದ್ದರಿಂದ, ಆದರೆ, ನಂತರ ಎಂಬವು ಇವೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಭಾಷೆಯ ನಿಜವಾದ ಸುಳಿವು ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಮಳೆ ಬಂದ ಮೇಲೆ ಕೆರೆ ತುಂಬಿತು. ಮಳೆ ಬಂದದ್ದರಿಂದ ಕೆರೆ ತುಂಬಿತು. ಮಳೆ ಬಂದರೆ ಕೆರೆ ತುಂಬುತ್ತದೆ. ಮಳೆ ಬಂದರೂ ಕೆರೆ ತುಂಬಲಿಲ್ಲ. ಬಂದರೆ, ಬಂದರೂ ಎಂಬೆರಡರ ನಡುವೆ ಇರುವುದು ಒಂದು ಸ್ವರ. ಆ ಸ್ವರದಲ್ಲಿ ಮಾತಿನ ದಿಕ್ಕೇ ತಿರುಗುತ್ತದೆ. ಇಂಗ್ಲಿಷಿನ ಪಟ್ಟಿಯನ್ನು ಕನ್ನಡಕ್ಕೆ ತಂದು ಗೋಡೆಗೆ ಅಂಟಿಸಿದರೆ ಮಗು ಪದಗಳನ್ನು ಹುಡುಕುತ್ತದೆ, ಬಾಲವನ್ನು ನೋಡುವುದಿಲ್ಲ. ನಮ್ಮ ಹುಡುಗಿಗೆ ಆದದ್ದು ಅದೇ.

ಹಾಗೆಂದು ಬಾಲದ ಪಟ್ಟಿ ಕೊಟ್ಟರೆ ಸಾಕೇ? ಅದನ್ನೂ ಮಾಡಿ ಕೈಸುಟ್ಟುಕೊಂಡೆ. 'ಇಂದ' ಎಂಬುದು ಕಾರಣ ಹೇಳುತ್ತದೆ ಎಂದೆ. ಒಬ್ಬ ಹುಡುಗ ವರ್ಣನೆಯ ಚೀಟಿಯಲ್ಲಿ 'ಮಣ್ಣಿನಿಂದ ಕಟ್ಟಿದ', 'ಪುಣೆಯಿಂದ ದೂರದಲ್ಲಿರುವ' ಎಂಬೆಲ್ಲಕ್ಕೂ ಸುತ್ತು ಹಾಕಿ, ಇದು ಕಾರಣದ ಗದ್ಯ ಎಂದು ಗೆದ್ದವನ ಹಾಗೆ ಕೂತ. ಅವನದೇನೂ ತಪ್ಪಿಲ್ಲ, ನನ್ನ ಪಟ್ಟಿಯದು ತಪ್ಪು. ಇನ್ನೂ ಕಷ್ಟದ್ದು 'ಬಂದು', 'ಹಾಕಿ' ಎಂಬಂಥ ರೂಪ. 'ಎಸರು ಕುದಿಸಿ, ಹಿಟ್ಟು ಹಾಕಿ, ನಾದಿ, ತಟ್ಟಿ, ಬೇಯಿಸಿ' ಎಂದು ಜೋಳದ ರೊಟ್ಟಿಯ ವಿಧಾನ ಹೇಳಿದರೆ ಅಷ್ಟೂ ಅನುಕ್ರಮ. 'ಜಾರಿ ಬಿದ್ದು ಕೈ ಮುರಿಯಿತು' ಎಂದರೆ ಅದೇ ಬಾಲ, ಆದರೆ ಈಗ ಅದು ಕಾರಣ. ಕನ್ನಡ ಇಲ್ಲಿ ಏನನ್ನೂ ಬಿಡಿಸಿ ಹೇಳುವುದಿಲ್ಲ. ಬಿದ್ದದ್ದು ಮೊದಲು, ಮುರಿದದ್ದು ಆಮೇಲೆ, ಒಂದರಿಂದಲೇ ಇನ್ನೊಂದು ಆಯಿತೇ ಎಂಬುದನ್ನು ನೀನೇ ತಿಳಿದುಕೋ ಎನ್ನುತ್ತದೆ. ದೊಡ್ಡವರು ಯೋಚಿಸದೆಯೇ ತಿಳಿದುಕೊಳ್ಳುತ್ತಾರೆ. ಒಂಬತ್ತು ವರ್ಷದ ಮಗುವಿಗೆ ಅಲ್ಲಿ ಒಂದು ಕ್ಷಣ ನಿಲ್ಲಲು ಕಲಿಸಬೇಕು.

ಪುಣೆಯ ಮಕ್ಕಳಿಗೆ ಇದರ ಮೇಲೊಂದು ಗಂಟು ಇದೆ, ಅದು ನನಗೆ ತಡವಾಗಿ ಹೊಳೆಯಿತು. 'ಕಾರಣ' ಎಂಬ ಪದ ಮರಾಠಿಯಲ್ಲೂ ಇದೆ, ಕನ್ನಡದಲ್ಲೂ ಇದೆ. ಮರಾಠಿಯಲ್ಲಿ 'ಶಾಳೇಲಾ ಸುಟ್ಟೀ ಆಹೇ, ಕಾರಣ ಪಾವೂಸ್ ಪಡತೋಯ್' ಎನ್ನುತ್ತಾರೆ. ರಜೆ ಮೊದಲು, ಮಳೆ ಆಮೇಲೆ, ಕಾರಣ ಎಂಬುದರ ಮುಂದೆ ಬರುವುದೇ ಕಾರಣ. ಕನ್ನಡದಲ್ಲಿ 'ಮಳೆ ಬಂದ ಕಾರಣ ಶಾಲೆಗೆ ರಜೆ' ಎನ್ನುತ್ತೇವೆ. ಇಲ್ಲಿ ಕಾರಣ ಹೇಳುವ ಮಾತು ಆ ಪದದ ಹಿಂದೆ ನಿಂತಿದೆ. ಇಷ್ಟಕ್ಕೇ ಮುಗಿಯಲಿಲ್ಲ. ರಜಾ ಅರ್ಜಿಯಲ್ಲಿ, 'ನನಗೆ ಜ್ವರ ಬಂದಿದೆ. ಕಾರಣ ತಾವು ಎರಡು ದಿನ ರಜೆ ಕೊಡಬೇಕಾಗಿ ವಿನಂತಿ' ಎಂದು ಬರೆಯುವುದು ಉತ್ತರ ಕರ್ನಾಟಕದ ಮನೆಮನೆಯ ರೂಢಿ. ಅಲ್ಲಿ 'ಕಾರಣ' ಎಂದರೆ 'ಆದ್ದರಿಂದ'. ವಾಕ್ಯದ ಮೊದಲಲ್ಲಿ ಮರಾಠಿಯ ಕಾರಣ ಕೂತ ಜಾಗದಲ್ಲೇ ಕೂತು, ಅದಕ್ಕೆ ನೇರ ಎದುರು ಅರ್ಥ ಕೊಡುತ್ತದೆ. ದಿನಕ್ಕೆ ಹತ್ತು ಗಂಟೆ ಮರಾಠಿ ಕಿವಿಗೆ ಬೀಳುವ ಮಗು ಈ ಅರ್ಜಿ ಓದಿದರೆ, ಎರಡು ದಿನ ರಜೆ ಕೊಟ್ಟಿದ್ದರಿಂದ ಜ್ವರ ಬಂತು ಎಂದುಕೊಂಡರೂ ಆಶ್ಚರ್ಯವಿಲ್ಲ. ನಕ್ಕುಬಿಡಬಹುದು. ಆದರೆ ವಿಜ್ಞಾನದ ಪಾಠದಲ್ಲಿ ಇದೇ ಆದಾಗ ನಗು ಬರುವುದಿಲ್ಲ.

ಪಾಠಪುಸ್ತಕದ ಮಾತು ಬಂತು. ಮಹಾರಾಷ್ಟ್ರದ ಪಾಠಪುಸ್ತಕಗಳನ್ನು ತರುವ ಬಾಲಭಾರತಿ ಇರುವುದು ಇದೇ ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿ. 1967ರ ಜನವರಿಯಲ್ಲಿ ಶುರುವಾದ ಸಂಸ್ಥೆ ಅದು. ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗಿನ ಜೊತೆಗೆ ಕನ್ನಡದಲ್ಲೂ ಪುಸ್ತಕ ತರುತ್ತದೆ. ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳ ಮಕ್ಕಳು ಓದುವುದು ಈ ಪುಸ್ತಕಗಳನ್ನೇ. ಕರ್ನಾಟಕದಲ್ಲಿ ಕೂತು ಗೊಣಗುವ ಎಷ್ಟೋ ಜನರಿಗೆ ಈ ಸಂಗತಿಯೇ ಗೊತ್ತಿಲ್ಲ. ಭಾಷೆಯ ಪುಸ್ತಕ ಬಿಟ್ಟರೆ ಪರಿಸರ, ವಿಜ್ಞಾನ, ಇತಿಹಾಸದ ಪಾಠಗಳು ಅನುವಾದವಾಗಿ ಬರುತ್ತವೆ. ಅನುವಾದ ಮಾಡುವವರಿಗೆ ನನ್ನದೊಂದು ಬೇಡಿಕೆ. ಪದಗಳನ್ನು ಕನ್ನಡಕ್ಕೆ ತರುವಾಗ ಹಂದರವನ್ನೂ ಕನ್ನಡದ ಕೋಲಿನಿಂದಲೇ ಕಟ್ಟಿ. ಮೂಲದಲ್ಲಿ ಪರಿಣಾಮ ಮೊದಲು, ಕಾರಣ ಆಮೇಲೆ ಇದ್ದರೆ ಅದನ್ನು ಹಾಗೇ ಇಳಿಸಿ 'ಏಕೆಂದರೆ' ಎಂಬ ಮೊಳೆ ಹೊಡೆಯಬೇಕಿಲ್ಲ. ಕಾರಣವನ್ನು ಮುಂದಕ್ಕೆ ತಂದು ಬಾಲ ಸೇರಿಸಿದರೆ ವಾಕ್ಯ ತಾನಾಗಿ ನಡೆಯುತ್ತದೆ. ಮಕ್ಕಳ ಕಿವಿಗೆ ಒಗ್ಗಿದ ನಡಿಗೆ ಅದು.

ಕಥೆಯನ್ನು ನಾನು ಬೈಯುತ್ತಿಲ್ಲ. ಆದರೆ ನಮ್ಮಲ್ಲಿ ಓದು ಎಂದರೆ ಕಥೆ ಎಂಬಂತಾಗಿದೆ. ದೇಶದ ಮಕ್ಕಳ ಓದನ್ನು ಅಳೆಯಲು ನಾವೆಲ್ಲ ನೋಡುವುದು ಪ್ರಥಮ್ ಸಂಸ್ಥೆ 2005ರಿಂದ ತರುತ್ತಿರುವ ಅಸರ್ ವರದಿ. 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಶೇ. 48.8 ಮಂದಿ ಮಾತ್ರ ಎರಡನೆಯ ತರಗತಿಯ ಮಟ್ಟದ ಪಾಠ ಓದಬಲ್ಲರು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆ ಪಾಠ ಒಂದು ಪುಟ್ಟ ಕಥೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕಥೆ ಓದಬಲ್ಲ ಆ ಅರ್ಧದಷ್ಟು ಮಕ್ಕಳಲ್ಲಿ ಎಷ್ಟು ಮಂದಿಗೆ ಇರುವೆಗಳ ಬಗೆಗಿನ ಒಂದು ಪುಟ ಅರ್ಥವಾಗುತ್ತದೆ? ಆ ವರದಿ ಅದನ್ನು ಅಳೆಯುವುದಿಲ್ಲ. ನಾಲ್ಕನೆಯ ತರಗತಿಯ ಮಕ್ಕಳಿಗಾಗಿ 2001ರಿಂದ ಐದು ವರ್ಷಕ್ಕೊಮ್ಮೆ ನಡೆಯುವ ಪಿರ್ಲ್ಸ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಅರ್ಧ ಕಥೆ, ಅರ್ಧ ಮಾಹಿತಿ. 2021ರಲ್ಲಿ 57 ದೇಶಗಳು ಅದರಲ್ಲಿದ್ದವು, ಭಾರತ ಇರಲಿಲ್ಲ.

ನಮ್ಮ ಕಡೆ ಮಾತ್ರ ಹೀಗೆ ಎಂದುಕೊಳ್ಳಬೇಡಿ. ನೆಲ್ ಡ್ಯೂಕ್ ಎಂಬ ಅಮೆರಿಕದ ಸಂಶೋಧಕಿ ಒಂದನೆಯ ತರಗತಿಯ ಇಪ್ಪತ್ತು ಕೋಣೆಗಳಲ್ಲಿ ಕೂತು, ಮಾಹಿತಿ ಬರಹಕ್ಕೆ ದಿನಕ್ಕೆ ಎಷ್ಟು ಹೊತ್ತು ಸಲ್ಲುತ್ತದೆ ಎಂದು ಅಳೆದರು. ಸರಾಸರಿ 3.6 ನಿಮಿಷ. 2000ದಲ್ಲಿ ಈ ಅಧ್ಯಯನ ಪ್ರಕಟವಾದಾಗ ಅಲ್ಲಿಯ ಶಿಕ್ಷಕರೇ ಬೆಚ್ಚಿದರು. ಚಿಕ್ಕ ಮಕ್ಕಳಿಗೆ ಇದೆಲ್ಲ ಭಾರ ಎಂಬ ವಾದವೂ ಉಂಟು. ಜೋಆನಾ ವಿಲಿಯಮ್ಸ್ ಎಂಬುವರು ನ್ಯೂಯಾರ್ಕಿನಲ್ಲಿ ಎರಡನೆಯ ತರಗತಿಯ ಮಕ್ಕಳಿಗೆ ಪ್ರಾಣಿಗಳ ಪಾಠದ ಮೂಲಕ ಹೋಲಿಕೆಯ ಹಂದರವನ್ನು ಕಲಿಸಿ ನೋಡಿದರು. ಮಕ್ಕಳು ಕಲಿತರು, ಪ್ರಾಣಿಗಳ ವಿಷಯದಲ್ಲೂ ಹಿಂದೆ ಬೀಳಲಿಲ್ಲ. ಏಳು ವರ್ಷದವರಿಗೆ ಆಗುವುದು ಹತ್ತು ವರ್ಷದವರಿಗೆ ಆಗದೇ?

ಕನ್ನಡದಲ್ಲಿ ಮಕ್ಕಳಿಗೆ ಮಾಹಿತಿ ಬರಹವೇ ಇಲ್ಲ ಎಂದು ಕೆಲವರು ಹೇಳುವುದುಂಟು. ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದರು. ಅದನ್ನು ಈಗ ತೆರೆದರೆ ಹಳೆಯದಾದ ಸಂಗತಿ ಬೇಕಾದಷ್ಟು ಸಿಕ್ಕೀತು, ಆದರೆ ಒಬ್ಬ ಬುದ್ಧಿವಂತ ದೊಡ್ಡವನು ಮಗುವಿನ ಮುಂದೆ ಕೂತು ಲೋಕವನ್ನು ವಿವರಿಸುವ ದನಿ ಹಳೆಯದಾಗಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಇದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಪುಸ್ತಕಗಳನ್ನು ಹಣ ಕೊಡದೆ ಓದಬಹುದು, ಅವುಗಳಲ್ಲಿ ಕಥೆಯಲ್ಲದವೂ ಇವೆ. ಮರಾಠಿ ಬಲ್ಲ ನಮ್ಮ ಮಕ್ಕಳಿಗೆ ಬಾಲಭಾರತಿಯವರು 1971ರಿಂದ ತರುತ್ತಿರುವ 'ಕಿಶೋರ್' ಕೂಡ ಸಿಗುತ್ತದೆ. ಒಂದೇ ವಿಷಯವನ್ನು ಎರಡೂ ಭಾಷೆಯಲ್ಲಿ ಓದಿಸಿ, ಕಾರಣ ಎಲ್ಲಿ ಕೂತಿದೆ ಎಂದು ಹುಡುಕಿಸುವುದು ನಮ್ಮ ಭಾನುವಾರದ ಹೊಸ ಆಟ.

ಇನ್ನೊಂದು ಆಟ ಇದಕ್ಕಿಂತ ಸುಲಭ, ಖರ್ಚಿಲ್ಲದ್ದು. ಗದ್ಯವನ್ನು ವಾಕ್ಯವಾಕ್ಯವಾಗಿ ಕತ್ತರಿಸಿ, ಕಲಸಿ, ಮಕ್ಕಳ ಮುಂದೆ ಸುರಿಯಿರಿ. ಮತ್ತೆ ಜೋಡಿಸಲಿ. ಅನುಕ್ರಮದ ಗದ್ಯ ಒಂದೇ ಬಗೆಯಲ್ಲಿ ಕೂಡಿಕೊಳ್ಳುತ್ತದೆ, ಬೇರೆ ಬಗೆಯಲ್ಲಿ ಕೂಡಿಸಿದರೆ ಖಡಕ್‌ವಾಸಲಾ ಮೊದಲು ಒಡೆದು ನೀರು ಬೆಟ್ಟ ಹತ್ತುತ್ತದೆ. ವರ್ಣನೆಯ ಗದ್ಯವನ್ನು ಹೇಗೆ ಜೋಡಿಸಿದರೂ ನಡೆಯುತ್ತದೆ. ನವಿಲಿನ ಬಾಲ ಮೊದಲು ಹೇಳಿದರೇನು, ತುರಾಯಿ ಮೊದಲು ಹೇಳಿದರೇನು? ಹೋಲಿಕೆಯದು ಎರಡು ಸಾಲಾಗಿ ನಿಲ್ಲುತ್ತದೆ. ಯಾವ ಗದ್ಯ ಎಷ್ಟು ಬಗೆಯಲ್ಲಿ ಕೂಡುತ್ತದೆ ಎಂದು ಕೈಯಾರೆ ಮಾಡಿ ನೋಡಿದ ಮಗುವಿಗೆ ಹಂದರ ಎಂದರೇನು ಎಂದು ವಿವರಿಸಬೇಕಾಗಿಲ್ಲ. ನನ್ನ ಮಟ್ಟಿಗೆ ಸರಿ ಗುರುತು ಹಾಕುವ ಹತ್ತು ಹಾಳೆಗಳಿಗಿಂತ ಈ ಒಂದು ಕತ್ತರಿ ಮೇಲು.

ಐದು ಪೆಟ್ಟಿಗೆಗಳಲ್ಲಿ ಲೋಕವೆಲ್ಲ ಹಿಡಿಸುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ನೀವು ಈಗ ಓದುತ್ತಿರುವ ಪತ್ರಿಕೆಯನ್ನೇ ನೋಡಿ. ಮೊದಲ ಪುಟದ ಸುದ್ದಿಯಲ್ಲಿ ಕೊನೆಗೆ ಆದದ್ದು ಮೊದಲ ಸಾಲಿನಲ್ಲಿ ಇರುತ್ತದೆ, ಮೊದಲು ಆದದ್ದು ಕೊನೆಯ ಪ್ಯಾರಾದಲ್ಲಿ. ಅಪಘಾತದ ಸುದ್ದಿ ಓದಿದ ಒಬ್ಬ ಹುಡುಗ, ಜನ ಆಸ್ಪತ್ರೆಗೆ ಹೋದ ಮೇಲೆ ಬಸ್ಸು ಉರುಳಿತು ಎಂದು ಹೇಳಿದ್ದ. ಒಳ್ಳೆಯ ಲೇಖಕರು ಒಂದು ಪುಟದಲ್ಲಿ ಮೂರು ಹಂದರ ಹೆಣೆಯುತ್ತಾರೆ. ಹಾಗಾಗಿ 'ಇದು ಯಾವ ರಚನೆ? ಸರಿಯಾದುದಕ್ಕೆ ಗುರುತು ಹಾಕಿ' ಎಂಬ ಪ್ರಶ್ನೆ ಕಂಡರೆ ನನಗೆ ಇರುಸುಮುರುಸು. ಹೆಸರು ಹೇಳಿದ ಮಗುವಿಗೆ ಅರ್ಥವಾಗಿದೆ ಎನ್ನಲಾಗದು, ಹೆಸರು ಹೇಳದ ಮಗುವಿಗೆ ಅರ್ಥವಾಗಿಲ್ಲ ಎನ್ನಲೂ ಆಗದು. ಪುಸ್ತಕ ಮುಚ್ಚಿಸಿ ಹೇಳಿಸಿದರೆ ತಿಳಿಯುತ್ತದೆ.

ಮೊನ್ನೆ ಭಾನುವಾರ ಜೋರು ಮಳೆ. ಆ ಹುಡುಗಿ ಅರ್ಧ ಗಂಟೆ ತಡವಾಗಿ ಬಂದಳು. ಕೊಡೆ ಮಡಚುತ್ತ, 'ಮಳಿ ಬಂದು ಲೇಟಾತರಿ ಅಜ್ಜಿ' ಎಂದಳು. ಆ 'ಇಂದ'ದ ಹುಡುಗ ಕಾದುಕೊಂಡೇ ಕೂತಿದ್ದ. 'ಮಳೆ ಬಂದ ಮೇಲೆ ಲೇಟಾಯ್ತೋ, ಮಳೆ ಬಂದದ್ದರಿಂದ ಲೇಟಾಯ್ತೋ?' ಎಂದು ಕೇಳಿದ. ಅವಳು ಚಪ್ಪಲಿ ಬಿಡುತ್ತ ಒಂದು ಕ್ಷಣ ನಿಂತು ಯೋಚಿಸಿದಳು.

'ಎರಡೂ ಅಲ್ಲೋ. ಮಳಿ ಬಂತಂತ ಮತ್ತ ಮಲಕೊಂಡಿದ್ದೆ.'